ಸ್ಪ್ರಿಂಗ್ ಕಂಪ್ರೆಸರ್: ಅದುಮಿಟ್ಟ ಬಲವನ್ನು ಹಿಡಿಯುವ ಉಪಕರಣದ ಚರಿತ್ರೆ

ಕಾರಿನ ಸಸ್ಪೆನ್ಷನ್ನಿನಲ್ಲಿರುವ ಸುರುಳಿ ಸ್ಪ್ರಿಂಗನ್ನು ಬಿಚ್ಚುವಾಗಲೂ ಕೂರಿಸುವಾಗಲೂ ಅದು ಚಿಮ್ಮದಂತೆ ಅದುಮಿ ಹಿಡಿಯುವ ಉಪಕರಣಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಎಂದು ಹೆಸರು. ಉದ್ದನೆಯ ಎರಡು ತಿರುಪುಗಳು, ಅವುಗಳ ಎರಡೂ ತುದಿಗೆ ಕೊಕ್ಕೆಗಳು: ಅದರ ಅತ್ಯಂತ ಸಾಮಾನ್ಯ ರೂಪ ಇಷ್ಟೇ. ಮೋಟಾರು ಕಾರಿಗೆ ಹೋಲಿಸಿದರೆ ಈ ಉಪಕರಣದ ವಯಸ್ಸು ತೀರ ಕಡಿಮೆ. ಕಾರು ರಸ್ತೆಗಿಳಿದ ಮೊದಲ ನಾಲ್ಕೈದು ದಶಕಗಳಲ್ಲಿ ಹೆಚ್ಚಿನ ಗ್ಯಾರೇಜುಗಳಿಗೆ ಇದರ ಅಗತ್ಯವೇ ಬೀಳಲಿಲ್ಲ. ಬೇಗ ಸವೆಯುವ ಶಾಕ್ ಅಬ್ಸಾರ್ಬರು, ಸುಲಭಕ್ಕೆ ಸವೆಯದ ಸ್ಪ್ರಿಂಗಿನ ಒಳಗೆ ಹೋಗಿ ಕೂತ ಮೇಲೆಯೇ ಇದು ದಿನಬಳಕೆಯ ಸಾಮಾನಾಯಿತು. ಯಾವ ಕಾರಿಗೆ ಯಾವ ಬಗೆಯ ಕಂಪ್ರೆಸರ್ ಬೇಕು, ಅದನ್ನು ಹೇಗೆ ಹಾಕಬೇಕು ಎಂಬುದನ್ನು ಇವತ್ತಿಗೂ ತೀರ್ಮಾನಿಸುವುದು ಆ ಒಂದು ಬದಲಾವಣೆಯೇ.

ಕಾರಿಗೆ ಮೊದಲು ಸಿಕ್ಕಿದ್ದು ಕುದುರೆ ಸಾರೋಟಿನ ಸ್ಪ್ರಿಂಗು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಲೀಫ್ ಸ್ಪ್ರಿಂಗನ್ನು ಸಾರೋಟುಗಳಿಗೆ ಹೊಂದಿಸುವ ಕ್ರಮಕ್ಕೆ ಇಂಗ್ಲೆಂಡಿನ ಒಬಡಯ ಎಲಿಯಟ್ 19ನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಪೇಟೆಂಟ್ ಪಡೆದಿದ್ದ. ಒಂದು ನೂರು ವರ್ಷ ಕಳೆದು 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿಯೂ ಮುಂದೊಂದು, ಹಿಂದೊಂದು ಅಡ್ಡ ಲೀಫ್ ಸ್ಪ್ರಿಂಗೇ ಇತ್ತು. ಈ ಪಟ್ಟಿಗಳಿಂದ ಮೂರು ಕೆಲಸ ಒಟ್ಟಿಗೆ ಆಗುತ್ತಿತ್ತು. ಭಾರ ಹೊರುತ್ತಿದ್ದವು, ಆಕ್ಸಲ್ ಹಿಂದೆ ಮುಂದೆ ಜಾರದಂತೆ ಹಿಡಿದಿರುತ್ತಿದ್ದವು, ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಲುಕಾಟವನ್ನೂ ಅಷ್ಟಿಷ್ಟು ತಗ್ಗಿಸುತ್ತಿದ್ದವು. ರಿಪೇರಿಯೂ ಸಲೀಸು. ಚಾಸಿಸ್ಸನ್ನು ಜಾಕ್ ಕೊಟ್ಟು ಎತ್ತಿದರೆ ಸ್ಪ್ರಿಂಗಿನ ಮೇಲಿನ ಭಾರ ಇಳಿಯುತ್ತದೆ. ಯು ಬೋಲ್ಟುಗಳನ್ನೂ ಷ್ಯಾಕಲ್ ಪಿನ್ನುಗಳನ್ನೂ ಬಿಚ್ಚಿದರೆ ಇಡೀ ಕಟ್ಟು ಕೆಳಗೆ ಬರುತ್ತದೆ. ಪಟ್ಟಿಗಳ ಬಾಗು ಒಂದೊಂದರದು ಒಂದೊಂದು ಬಗೆಯಾದ್ದರಿಂದ ನಡುವಿನ ಬೋಲ್ಟು ಬಿಚ್ಚುವಾಗ ಅವು ಸ್ವಲ್ಪ ನೆಗೆಯುವುದುಂಟು. ಅದಕ್ಕೆ ಬೆಂಚ್ ವೈಸು ಸಾಕಾಗುತ್ತಿತ್ತು. ಮುರಿದ ಪಟ್ಟಿಯನ್ನು ಊರಿನ ಕಮ್ಮಾರನೇ ಕಾಯಿಸಿ, ಬಡಿದು, ಹದಗೊಳಿಸಿ ಕೊಡಬಲ್ಲವನಾಗಿದ್ದ. ಲಾರಿಗಳಲ್ಲಿ ಲೀಫ್ ಸ್ಪ್ರಿಂಗ್ ಇಂದಿಗೂ ಉಳಿದಿರುವುದಕ್ಕೆ ಈ ಸಲೀಸೂ ಒಂದು ಕಾರಣ.

ಸುರುಳಿ ಸ್ಪ್ರಿಂಗಿನ ತತ್ವ ಗೊತ್ತಿರಲಿಲ್ಲವೆಂದಲ್ಲ. ಎಳೆತ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಬಲ ಹೆಚ್ಚುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದ್ದ. ಅಮೆರಿಕದ ಅಲಾನ್ಸನ್ ಬ್ರಷ್ ರೂಪಿಸಿದ ಬ್ರಷ್ ರನ್‌ಅಬೌಟ್ ಎಂಬ ಪುಟ್ಟ ಕಾರಿನಲ್ಲಿ 1907ರ ಹೊತ್ತಿಗೇ ನಾಲ್ಕೂ ಚಕ್ರಕ್ಕೆ ಸುರುಳಿ ಸ್ಪ್ರಿಂಗುಗಳಿದ್ದವು. ಆದರೂ ಅದು ಬೇಗ ಹರಡಲಿಲ್ಲ. ಸುರುಳಿಯು ಭಾರ ಹೊರುತ್ತದೆಯೇ ಹೊರತು ಚಕ್ರ ಅತ್ತಿತ್ತ ಹೋಗದಂತೆ ಹಿಡಿಯಲಾರದು. ಅದಕ್ಕೆ ಬೇರೆ ತೋಳುಗಳು ಬೇಕು. ಪಟ್ಟಿಗಳಲ್ಲಿದ್ದ ಉಜ್ಜಾಟವೂ ಅದರಲ್ಲಿಲ್ಲ. ಒಮ್ಮೆ ಕುಲುಕಿದರೆ ಕುಲುಕುತ್ತಲೇ ಇರುತ್ತದೆ. ಅದಕ್ಕೆ ಬೇರೊಂದು ಶಾಕ್ ಅಬ್ಸಾರ್ಬರ್ ಬೇಕು. ನಂಬಿಕೆಗೆ ಅರ್ಹವಾದ ಹೈಡ್ರಾಲಿಕ್ ಶಾಕ್ ಅಬ್ಸಾರ್ಬರುಗಳು ಕೈಗೆಟಕುವ ಬೆಲೆಗೆ ಸಿಗುವವರೆಗೆ ಸುರುಳಿ ಸ್ಪ್ರಿಂಗು ಕಾಯಬೇಕಾಯಿತು.

ಆ ಕಾಲ 1930ರ ದಶಕದಲ್ಲಿ ಬಂತು. 1933ರ ಮರ್ಸಿಡಿಸ್-ಬೆಂಜ್ 380 ಕಾರಿನ ಮುಂಭಾಗದಲ್ಲಿ ಮೇಲೊಂದು ಕೆಳಗೊಂದು ವಿಶ್‌ಬೋನ್ ತೋಳು, ಸುರುಳಿ ಸ್ಪ್ರಿಂಗು, ಬೇರೆಯದೇ ಆದ ಶಾಕ್ ಅಬ್ಸಾರ್ಬರ್ ಸೇರಿದ ಸ್ವತಂತ್ರ ಸಸ್ಪೆನ್ಷನ್ ಕಾಣಿಸಿಕೊಂಡಿತು. ಮರುವರ್ಷವೇ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಕಾರುಗಳಿಗೆ ಸ್ವತಂತ್ರ ಮುಂಭಾಗವನ್ನು ಕೊಟ್ಟು ‘ನೀ-ಆ್ಯಕ್ಷನ್’ ಎಂಬ ಹೆಸರಿನಲ್ಲಿ ಮಾರಿತು. ಅದರ ಹಿಂದೆ ಇದ್ದವರು ರೋಲ್ಸ್-ರಾಯ್ಸ್‌ನಿಂದ ಕ್ಯಾಡಿಲಾಕ್‌ಗೆ ಬಂದಿದ್ದ ಮಾರಿಸ್ ಆಲಿ. ಕಾರಿನ ಕುಲುಕಾಟವನ್ನು ಅಳೆದು ನೋಡಿ, ಮುಂದಿನ ಸ್ಪ್ರಿಂಗುಗಳು ಮೆತ್ತಗಿದ್ದಷ್ಟೂ ಪಯಣ ಹಿತವೆಂದು ತೋರಿಸಿಕೊಟ್ಟವರು ಅವರು. ಕ್ಯಾಡಿಲಾಕ್, ಬ್ಯೂಕ್, ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಅವರ ವಿಶ್‌ಬೋನ್ ವಿನ್ಯಾಸ ಬಂತು. ಚೆವ್ರೊಲೆಟ್ ಮತ್ತು ಪಾಂಟಿಯಾಕ್‌ಗೆ ಫ್ರಾನ್ಸಿನ ಆಂದ್ರೆ ದ್ಯುಬೊನೆಯ ವಿನ್ಯಾಸ ಸಿಕ್ಕಿತು. ಇದರಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಎಣ್ಣೆ ತುಂಬಿದ ಒಂದೇ ಪೆಟ್ಟಿಗೆಯೊಳಗೆ ಇದ್ದವು. ಚೆವ್ರೊಲೆಟ್ 1939ರಲ್ಲಿ ಅದನ್ನು ಕೈಬಿಟ್ಟು ವಿಶ್‌ಬೋನ್‌ಗೆ ಹೊರಳಿತು. ಎರಡನ್ನೂ ಒಂದೇ ಕಡೆ ಸೇರಿಸಿದರೆ ರಿಪೇರಿ ಹೇಗೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಅದು ಮತ್ತೆ ಬರಲಿತ್ತು.

ವಿಶ್‌ಬೋನ್ ಕಾರುಗಳಲ್ಲಿ ಸ್ಪ್ರಿಂಗು ಚಾಸಿಸ್ಸಿಗೂ ಕೆಳಗಿನ ತೋಳಿಗೂ ನಡುವೆ ಕೂತಿರುತ್ತದೆ. ಕಾರನ್ನು ಜಾಕ್ ಮೇಲೆ ಎತ್ತಿದರೂ ಅದು ಪೂರ್ತಿ ಸಡಿಲಗೊಳ್ಳುವುದಿಲ್ಲ, ಏಕೆಂದರೆ ತೋಳು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ತಡೆ ಇರುತ್ತದೆ. ಹೀಗೆ ತಡೆಯಲ್ಲಿ ಸಿಕ್ಕಿ ಉಳಿದ ಒತ್ತಡವೇ ಈ ಚರಿತ್ರೆಯ ಮೊದಲ ಅಪಾಯ. ಅಂದಿನ ಮೆಕ್ಯಾನಿಕ್ಕುಗಳು ಕಂಡುಕೊಂಡ ದಾರಿಯೆಂದರೆ ಕಾರಿನ ಭಾರವನ್ನೇ ಕಂಪ್ರೆಸರ್ ಆಗಿ ಬಳಸುವುದು. ಕೆಳತೋಳಿನ ಅಡಿಗೆ ಟ್ರಾಲಿ ಜಾಕ್ ಇಟ್ಟು ಸ್ಪ್ರಿಂಗನ್ನು ಮೇಲಕ್ಕೆ ಅದುಮುವುದು, ತೋಳಿನ ಹೊರತುದಿಯ ಕೀಲನ್ನು ಬಿಚ್ಚುವುದು, ಆಮೇಲೆ ಜಾಕನ್ನು ಎಳೆಎಳೆಯಾಗಿ ಇಳಿಸುತ್ತ ಸ್ಪ್ರಿಂಗಿನ ಬಲವನ್ನು ಕರಗಿಸುವುದು. ಜಾಕ್ ಜಾರಿದರೆ ಸ್ಪ್ರಿಂಗು ಹೊರಗೆ ಹಾರದಿರಲೆಂದು ಸುರುಳಿಯ ಮೂಲಕ ಸರಪಳಿ ಹಾಯಿಸಿ ಚಾಸಿಸ್ಸಿಗೆ ಕಟ್ಟುತ್ತಿದ್ದರು. ಹಳೆಯ ಕಾರುಗಳ ರಿಪೇರಿಯಲ್ಲಿ ಆ ಸರಪಳಿ ಇಂದಿಗೂ ಬಿಡಬಾರದ ಕ್ರಮ.

ಬ್ರಿಟನ್ನಿನ ಟ್ರಯಂಫ್ ಟಿಆರ್ ಸಾಲಿನಂಥ ಕಾರುಗಳಲ್ಲಿ ಸ್ಪ್ರಿಂಗಿನ ಕೆಳಗಿನ ತಟ್ಟೆಯನ್ನು ತೋಳಿಗೆ ಬೋಲ್ಟುಗಳಿಂದ ಬಿಗಿದಿರುತ್ತಿದ್ದರು. ಅಲ್ಲಿ ಇನ್ನೊಂದು ಜಾಣ ಉಪಾಯ ನಡೆಯುತ್ತಿತ್ತು. ಎದುರುಬದುರಿನ ಎರಡು ಗಿಡ್ಡ ಬೋಲ್ಟುಗಳನ್ನು ತೆಗೆದು ಆ ಜಾಗದಲ್ಲಿ ಉದ್ದನೆಯ ಸ್ಟಡ್ಡುಗಳನ್ನು ತೂರಿಸಿ, ಉಳಿದ ಬೋಲ್ಟುಗಳನ್ನು ಬಿಚ್ಚಿ, ಸ್ಟಡ್ಡುಗಳ ನಟ್ಟನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಹೋದರೆ ತಟ್ಟೆ ತಾನಾಗಿ ಇಳಿಯುತ್ತದೆ. ಇದೇ ಯೋಚನೆ ಬೆಳೆದು ಒಳಗಿನಿಂದ ಹಿಡಿಯುವ ಕಂಪ್ರೆಸರ್ ಆಯಿತು. ಶಾಕ್ ಅಬ್ಸಾರ್ಬರ್ ತೆಗೆದ ಮೇಲೆ ಉಳಿಯುವ ತೂತಿನ ಮೂಲಕ ನಡುವೆ ಒಂದೇ ದಪ್ಪ ತಿರುಪನ್ನು ಏರಿಸಿ, ಮೇಲಿನ ಸುತ್ತಿಗೊಂದು ಕೆಳಗಿನ ಸುತ್ತಿಗೊಂದು ತಟ್ಟೆ ಅಥವಾ ಕೊಕ್ಕೆಯನ್ನು ಸಿಕ್ಕಿಸಿ ತಿರುಗಿಸುವ ಉಪಕರಣ ಅದು. ಸ್ಪ್ರಿಂಗು ಕಾರಿನಲ್ಲಿರುವಾಗಲೇ ಗಿಡ್ಡವಾಗುತ್ತದೆ, ಗಿಡ್ಡವಾದಂತೆಯೇ ಹೊರಗೆ ಬರುತ್ತದೆ. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಬೇರೆಬೇರೆ ಇರುವ ಮರ್ಸಿಡಿಸ್ ಕಾರುಗಳಿಗೆ ದಶಕಗಳ ಕಾಲ ಬಳಕೆಯಲ್ಲಿದ್ದದ್ದು ಈ ಬಗೆಯದೇ.

ಆದರೂ ಇದು ಅಪರೂಪದ ಕೆಲಸವಾಗಿತ್ತು. ಶಾಕ್ ಅಬ್ಸಾರ್ಬರ್ ಸೋರಿದರೆ ಅದೊಂದನ್ನೇ ತೋಳಿನ ತೂತಿನಿಂದ ಕೆಳಗೆಳೆದು ಹೊಸದನ್ನು ಹಾಕಬಹುದಿತ್ತು; ಸ್ಪ್ರಿಂಗಿನ ತಂಟೆಗೆ ಹೋಗಬೇಕಿರಲಿಲ್ಲ. ಸ್ಪ್ರಿಂಗು ಮುರಿದರೆ ಅಥವಾ ಕುಗ್ಗಿದರೆ ಮಾತ್ರ ಅದನ್ನು ಮುಟ್ಟುವ ಪ್ರಸಂಗ.

ಮುಟ್ಟಿದಾಗ ಕೈಗೆ ಸಿಗುವ ಬಲ ಎಷ್ಟು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಒಂದು ಮಿಲಿಮೀಟರ್ ಅದುಮಲು 20 ನ್ಯೂಟನ್ ಬಲ ಬೇಕಾದ ಸ್ಪ್ರಿಂಗೊಂದನ್ನು 150 ಮಿಲಿಮೀಟರ್ ಅದುಮಿದರೆ ಅದು ಮರಳಿ ಒತ್ತುವ ಬಲ 3,000 ನ್ಯೂಟನ್, ಅಂದರೆ ಸುಮಾರು 306 ಕಿಲೋ ಭಾರದಷ್ಟು. ಅದರೊಳಗೆ ಸೇರಿದ ಶಕ್ತಿ 225 ಜೌಲ್. 23 ಕಿಲೋ ತೂಕದ ವಸ್ತುವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದರೆ ಸಿಗುವ ಶಕ್ತಿ ಅದು. ಅಷ್ಟೂ ಶಕ್ತಿ 2 ಕಿಲೋ ತೂಕದ ಭಾಗವೊಂದಕ್ಕೆ ಸೇರಿದರೆ ಅದು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ: ಅದುಮಿದ ದೂರ ಎರಡು ಪಟ್ಟಾದರೆ ಬಲ ಎರಡು ಪಟ್ಟಾಗುತ್ತದೆ, ಶಕ್ತಿಯಾದರೋ ನಾಲ್ಕು ಪಟ್ಟಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಅದುಮಬಾರದು ಎಂಬ ಗ್ಯಾರೇಜಿನ ಕಟ್ಟುಪಾಡಿಗೆ ಇದೇ ಆಧಾರ. ಅದುಮಿಟ್ಟ ಸ್ಪ್ರಿಂಗು ಸದ್ದು ಮಾಡುವುದಿಲ್ಲ, ಬಿಸಿಯಾಗುವುದಿಲ್ಲ. ಅದರೊಳಗೆ ಎಷ್ಟು ಬಲವಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ಅದನ್ನು ಹಗುರಾಗಿ ಕಾಣುವ ಅಪಾಯ ಹುಟ್ಟುವುದು ಅಲ್ಲಿಯೇ.

ಈ ಅಪರೂಪದ ಕೆಲಸವನ್ನು ದಿನನಿತ್ಯದ್ದಾಗಿಸಿದವರು ಅರ್ಲ್ ಮ್ಯಾಕ್‌ಫರ್ಸನ್. 1891ರಲ್ಲಿ ಹುಟ್ಟಿದ ಈ ಅಮೆರಿಕನ್ ಎಂಜಿನಿಯರ್, ಎರಡನೆಯ ಮಹಾಯುದ್ಧ ಮುಗಿದಾಗ ಚೆವ್ರೊಲೆಟ್ಟಿನ ‘ಕೆಡೆಟ್’ ಎಂಬ ಚಿಕ್ಕ ಕಾರಿನ ಯೋಜನೆಗೆ ಮುಖ್ಯಸ್ಥರಾಗಿದ್ದರು. ತೂಕ ಸುಮಾರು 1,000 ಕಿಲೋ, ಬೆಲೆ 1,000 ಡಾಲರ್ ಮೀರಬಾರದು ಎಂಬ ಗುರಿ ಇತ್ತು. ಎರಡು ವಿಶ್‌ಬೋನ್‌ಗಳ ಖರ್ಚೂ ತೂಕವೂ ಅಂಥ ಕಾರಿಗೆ ಹೊರೆ. ಮ್ಯಾಕ್‌ಫರ್ಸನ್ ಮೇಲಿನ ತೋಳನ್ನೇ ತೆಗೆದುಹಾಕಿದರು. ಶಾಕ್ ಅಬ್ಸಾರ್ಬರನ್ನು ದಪ್ಪಗೆ ಮಾಡಿ, ಅದನ್ನೇ ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬವಾಗಿಸಿ (ಇದೇ ಸ್ಟ್ರಟ್), ಅದರ ಸುತ್ತ ಸುರುಳಿ ಸ್ಪ್ರಿಂಗನ್ನು ಕೂರಿಸಿ, ತುದಿಯನ್ನು ನೇರವಾಗಿ ಕಾರಿನ ಮೈಗೆ ಬಿಗಿದರು. ಕೆಳಗೆ ಒಂದೇ ತೋಳು ಉಳಿಯಿತು. 1947ರಲ್ಲಿ ಸಲ್ಲಿಸಿದ ಈ ವಿನ್ಯಾಸದ ಪೇಟೆಂಟ್ ಅರ್ಜಿಗೆ 1953ರಲ್ಲಿ ಮಂಜೂರಾತಿ ಸಿಕ್ಕಿತು. ಇದಕ್ಕೆ ಪೂರ್ವಜರಿಲ್ಲದಿಲ್ಲ, ಫಿಯಟ್ ಕಂಪನಿಯ ಗ್ವಿಡೊ ಫೋರ್ನಾಕಾ 1920ರ ದಶಕದಲ್ಲಿಯೇ ಇಂಥದೊಂದು ಕಂಬವನ್ನು ಯೋಚಿಸಿದ್ದರು. ಆದರೆ ಅದನ್ನು ಲಕ್ಷಗಟ್ಟಲೆ ಕಾರುಗಳಿಗೆ ಒಗ್ಗುವಂತೆ ಮಾಡಿದ ಹೆಚ್ಚುಗಾರಿಕೆ ಮ್ಯಾಕ್‌ಫರ್ಸನ್ನರದು.

ಕೆಡೆಟ್ ಯೋಜನೆಯನ್ನು ಜನರಲ್ ಮೋಟಾರ್ಸ್ 1947ರಲ್ಲಿ ನಿಲ್ಲಿಸಿತು. ಅದೇ ವರ್ಷ ಮ್ಯಾಕ್‌ಫರ್ಸನ್ ಫೋರ್ಡ್ ಸೇರಿದರು. 1950ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಬ್ರಿಟಿಷ್ ಫೋರ್ಡ್ ಕಂಪನಿ ತೋರಿಸಿದ ಕಾನ್ಸಲ್ ಮತ್ತು ಜೆಫಿರ್ ಕಾರುಗಳು ಈ ಸ್ಟ್ರಟ್ಟನ್ನು ಹೊತ್ತು ದೊಡ್ಡ ಪ್ರಮಾಣದಲ್ಲಿ ತಯಾರಾದವು. 1960ರಲ್ಲಿ ಪ್ಯೂಜೊ 404, ಅನಂತರ ಬಿಎಂಡಬ್ಲ್ಯು 1500 ಇದೇ ದಾರಿ ಹಿಡಿದವು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸುವ ಕಾರುಗಳು ಬಂದ ಮೇಲಂತೂ ಸ್ಟ್ರಟ್ಟಿಗೆ ಎದುರೇ ಉಳಿಯಲಿಲ್ಲ: ಮೇಲಿನ ತೋಳಿಲ್ಲದ್ದರಿಂದ ಎಂಜಿನ್ನಿಗೂ ಡ್ರೈವ್ ಷಾಫ್ಟಿಗೂ ಜಾಗ ಸಿಗುತ್ತಿತ್ತು. 1969ರ ಫಿಯಟ್ 128, 1972ರ ಹೋಂಡಾ ಸಿವಿಕ್, 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಆ ಸಾಲಿನ ಮುಖ್ಯ ಕಾರುಗಳು. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಕಂಪನಿಗಳೂ ಚಿಕ್ಕ ಕಾರಿಗೆ ಇಳಿದವು. ದಶಕ ಮುಗಿಯುವ ವೇಳೆಗೆ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್‌ನ ಹೊಸ ಕಾರುಗಳು ಸ್ಟ್ರಟ್ ಹೊತ್ತು ಗ್ಯಾರೇಜುಗಳಿಗೆ ಬರತೊಡಗಿದವು.

ಕಾರ್ಖಾನೆಯಲ್ಲಿ ಇದು ಉಳಿತಾಯ. ಗ್ಯಾರೇಜಿನಲ್ಲಿ ಕತೆ ಬೇರೆ. ಶಾಕ್ ಅಬ್ಸಾರ್ಬರ್ ಸೋರುವುದು ಸ್ಪ್ರಿಂಗು ಮುರಿಯುವುದಕ್ಕಿಂತ ಎಷ್ಟೋ ಬೇಗ. ಈಗ ಅದನ್ನು ಬದಲಿಸಬೇಕಾದರೆ ಮೊದಲು ಅದರ ಸುತ್ತಲಿನ ಸ್ಪ್ರಿಂಗನ್ನು ತೆಗೆಯಲೇಬೇಕು. ಆ ಸ್ಪ್ರಿಂಗಾದರೂ ಕಾರಿನ ಭಾರದಿಂದಷ್ಟೇ ಅದುಮಲ್ಪಟ್ಟು ನಿಂತಿಲ್ಲ. ಸ್ಟ್ರಟ್ಟನ್ನು ಕಾರಿನಿಂದ ಬಿಚ್ಚಿ ಬೆಂಚಿನ ಮೇಲಿಟ್ಟ ಮೇಲೂ ಅದು ಕೆಳಗಿನ ತಟ್ಟೆಗೂ ಮೇಲಿನ ಮೌಂಟಿಗೂ ನಡುವೆ ಬಿಗಿಯಾಗಿಯೇ ಇರುತ್ತದೆ. ಅದನ್ನು ತಡೆದಿರುವುದು ಪಿಸ್ಟನ್ ರಾಡಿನ ತುದಿಯಲ್ಲಿರುವ ಒಂದೇ ಒಂದು ನಟ್ಟು. ವಿಶ್‌ಬೋನ್ ಕಾಲದಲ್ಲಿ ಮೆಕ್ಯಾನಿಕ್ಕಿಗೆ ನೆರವಾಗುತ್ತಿದ್ದ ಕಾರಿನ ಭಾರ ಇಲ್ಲಿಲ್ಲ. ಬಾನೆಟ್ ಎತ್ತಿದರೆ ಎದುರಿಗೇ ಕಾಣುವ ಆ ನಟ್ಟು ಸ್ಪ್ಯಾನರಿಗೆ ಸುಲಭವಾಗಿ ಸಿಗುತ್ತದೆಂಬುದೇ ದೊಡ್ಡ ಅಪಾಯ: ಸ್ಪ್ರಿಂಗನ್ನು ಅದುಮಿ ಹಿಡಿಯದೆ ಅದನ್ನು ಪೂರ್ತಿ ಬಿಚ್ಚಿದರೆ ಮೌಂಟು, ಬೇರಿಂಗು, ಸ್ಪ್ರಿಂಗು ಎಲ್ಲವೂ ಒಟ್ಟಿಗೆ ಚಿಮ್ಮುತ್ತವೆ.

ಹೀಗೆ ಕೊಕ್ಕೆ ಕಂಪ್ರೆಸರ್ ಪ್ರತಿ ಗ್ಯಾರೇಜಿಗೂ ಬಂತು. ಎರಡು ಅಥವಾ ಮೂರು ತಿರುಪುಗಳು, ಪ್ರತಿಯೊಂದರ ಮೇಲೂ ಕೆಳಗೂ ಸುತ್ತನ್ನು ಹಿಡಿಯುವ ಕೊಕ್ಕೆ. ಅಗ್ಗ, ಹಗುರ, ಎಲ್ಲಿಗೂ ಒಯ್ಯಬಹುದು. ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳುವವರಿಗೂ ಅದು ಸಿಕ್ಕಿತು. ದಿನಕ್ಕೆ ಹಲವು ಸ್ಟ್ರಟ್ ಬಿಚ್ಚುವ ಗ್ಯಾರೇಜುಗಳಿಗೆ ಅದು ನಿಧಾನವೂ ಹೌದು, ನೆಚ್ಚಲಾಗದ್ದೂ ಹೌದು. ಅವರಿಗಾಗಿ ಗೋಡೆಗೋ ಬೆಂಚಿಗೋ ಬಿಗಿದು ನಿಲ್ಲಿಸುವ ದೊಡ್ಡ ಯಂತ್ರಗಳು ಹುಟ್ಟಿದವು. ಇವುಗಳಲ್ಲಿ ಸ್ಪ್ರಿಂಗಿನ ಮೇಲೂ ಕೆಳಗೂ ಅಗಲವಾದ ಕವಲುಗಳು ಹಿಡಿಯುತ್ತವೆ; ದಪ್ಪ ತಿರುಪು, ಹೈಡ್ರಾಲಿಕ್ ಪಂಪು ಅಥವಾ ಗಾಳಿಯ ಒತ್ತಡ ಅದುಮುತ್ತದೆ. ಅಮೆರಿಕದಲ್ಲಿ ಮಿನೆಸೋಟದ ಒವಟೋನ ಪಟ್ಟಣದ ಒಟಿಸಿ, ನಾರ್ತ್ ಡಕೋಟದ ಫಾರ್ಗೊದ ಬ್ರಾನಿಕ್, ಜರ್ಮನಿಯ ಡೊನಾವೆಷಿಂಗೆನ್‌ನ ಕ್ಲಾನ್ ಕಂಪನಿಗಳು ಈ ಉಪಕರಣಗಳಿಗೆ ಹೆಸರಾದವು. ಸುರುಳಿಯೇ ಇಲ್ಲದ ಕಾರಿಗೂ ಇಂಥದೊಂದು ಉಪಕರಣ ಬೇಕಾಯಿತೆಂಬುದು ಇಲ್ಲಿ ನೆನೆಯಬೇಕಾದ ಮಾತು. 1959ರ ಮಿನಿ ಕಾರಿಗೆ ಅಲೆಕ್ಸ್ ಮೌಲ್ಟನ್ ಕೊಟ್ಟದ್ದು ರಬ್ಬರಿನ ಸ್ಪ್ರಿಂಗು. ಅದನ್ನು ಬಿಚ್ಚಲು ಸಬ್‌ಫ್ರೇಮಿನ ಮೇಲಿನಿಂದ ತಿರುಪನ್ನು ಇಳಿಸಿ, ರಬ್ಬರ್ ಕೋನಿನೊಳಗೆ ಸಿಕ್ಕಿಸಿ ಮೇಲಕ್ಕೆ ಎಳೆಯುವ ವಿಶೇಷ ಸಾಧನ ಬೇಕಾಗುತ್ತಿತ್ತು. ಸ್ಪ್ರಿಂಗು ಯಾವ ವಸ್ತುವಿನದಾದರೂ, ಬಿಚ್ಚುವ ಮೊದಲು ಅದರೊಳಗಿನ ಬಲವನ್ನು ಹಿಡಿಯುವ ದಾರಿ ಇರಲೇಬೇಕು.

ಭಾರತದಲ್ಲಿ ಈ ಚರಿತ್ರೆ ತಡವಾಗಿ, ಆದರೆ ಒಮ್ಮೆಲೇ ನಡೆಯಿತು. ದಶಕಗಟ್ಟಲೆ ರಸ್ತೆಯನ್ನಾಳಿದ ಅಂಬಾಸಡರ್ ಕಾರಿನ ಮುಂದೆ ಟಾರ್ಷನ್ ಬಾರ್ ಎಂಬ ತಿರುಚು ಸಲಾಕೆ, ಹಿಂದೆ ಲೀಫ್ ಸ್ಪ್ರಿಂಗ್. ಸುರುಳಿಯ ಸುದ್ದಿಯೇ ಇಲ್ಲ. ಅಂಬಾಸಡರ್ ರಿಪೇರಿಯಲ್ಲಿ ನುರಿತ ಮೆಕ್ಯಾನಿಕ್ಕು ಇಡೀ ಜೀವನವನ್ನು ಸ್ಪ್ರಿಂಗ್ ಕಂಪ್ರೆಸರ್ ಮುಟ್ಟದೆ ಕಳೆಯಬಹುದಿತ್ತು. ಮುಂಬಯಿಯ ಫಿಯಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದದ್ದು, ಮುಂಭಾಗದಲ್ಲಿ ವಿಶ್‌ಬೋನೂ ಸುರುಳಿ ಸ್ಪ್ರಿಂಗೂ ಹೊಂದಿತ್ತು, ಹಿಂದೆ ಲೀಫ್. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗು ಇತ್ತು. ಬೆಂಚಿನ ಮೇಲೂ ಬಿಗಿಯಾಗಿರುವ ಸ್ಪ್ರಿಂಗನ್ನು ಇಲ್ಲಿನ ಮೆಕ್ಯಾನಿಕ್ಕುಗಳಿಗೆ ಪರಿಚಯಿಸಿದ ಕಾರುಗಳಲ್ಲಿ ಅದೂ ಒಂದು. ಆದರೆ ಹೆರಾಲ್ಡ್‌ಗಳ ಸಂಖ್ಯೆ ಕಡಿಮೆ.

ಚಿತ್ರ ಬದಲಾದದ್ದು 1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದಾಗ. ಅದರ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು. ಓಮ್ನಿ ವ್ಯಾನಿನಲ್ಲಿಯೂ ಅದೇ. 1998ರಲ್ಲಿ ಬಂದ ಟಾಟಾ ಇಂಡಿಕಾ, ಹ್ಯುಂಡೈ ಸ್ಯಾಂಟ್ರೊಗಳಲ್ಲಿಯೂ ಅದೇ. ಹತ್ತು ಹದಿನೈದು ವರ್ಷದಲ್ಲಿ ದೇಶದ ಊರೂರಿನ ಗ್ಯಾರೇಜುಗಳ ಮುಂದೆ ಸ್ಟ್ರಟ್ ಕಾರುಗಳು ನಿಂತವು. ಗುಂಡಿಬಿದ್ದ ರಸ್ತೆಗಳಲ್ಲಿ ಶಾಕ್ ಅಬ್ಸಾರ್ಬರುಗಳು ಬೇಗ ಸೋರುತ್ತವೆ. ಕಂಪನಿಯ ಸರ್ವೀಸ್ ಸ್ಟೇಷನ್ನುಗಳಿಗೆ ಉಪಕರಣವೂ ತರಬೇತಿಯೂ ಬಂದವು; ರಸ್ತೆಬದಿಯ ಗ್ಯಾರೇಜುಗಳಿಗೆ ಎರಡೂ ಬರಲಿಲ್ಲ. ಅಲ್ಲಿ ಉದ್ದ ಬೋಲ್ಟಿಗೆ ಕೊಕ್ಕೆ ಬೆಸೆದುಕೊಂಡ ಕಂಪ್ರೆಸರುಗಳು, ದಪ್ಪ ತಂತಿಯಿಂದ ಸುತ್ತುಗಳನ್ನು ಬಿಗಿದು ಕಟ್ಟುವ ಕ್ರಮಗಳು ಹುಟ್ಟಿಕೊಂಡವು. ಇದರಲ್ಲಿ ಕೈಚಳಕವಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಬೆಸುಗೆಯ ಕೊಕ್ಕೆಗೆ ಬೀಳುವುದು ನೂರಾರು ಕಿಲೋ ಎಳೆತ. ಬೆಸುಗೆ ಬಿಡುವ ಮುನ್ನ ಸೂಚನೆ ಕೊಡುವುದಿಲ್ಲ, ತಂತಿಯೂ ಕೊಡುವುದಿಲ್ಲ. ಎಷ್ಟೇ ಅನುಭವವಿದ್ದರೂ ಇವನ್ನು ಒಪ್ಪಲಾಗದು. ವಾಹನದ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಗಳಿರುವ ನಾಡಿನಲ್ಲಿ ಸರಿಯಾದ ಉಪಕರಣ ಹೊಂದಿಸಿಕೊಳ್ಳುವುದು ಕಷ್ಟದ ಮಾತೂ ಅಲ್ಲ. ಬಿಡದಿಯಲ್ಲಿ 2005ರಿಂದ ತಯಾರಾದ ಟೊಯೊಟಾ ಇನ್ನೋವಾದಲ್ಲಿ ಮುಂದೆ ವಿಶ್‌ಬೋನ್ ಇದ್ದರೂ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತಲೇ ಕೂತಿದೆ. ಕಾರಿನ ಗಾತ್ರಕ್ಕೆ ತಕ್ಕಂತೆ ಸ್ಪ್ರಿಂಗೂ ಬಿರುಸು. ಚಿಕ್ಕ ಕಾರಿನ ಕೊಕ್ಕೆಗಳಿಂದ ಅದನ್ನು ಅದುಮಲು ಹೋಗುವುದು ತಪ್ಪು.

ಆಯ್ಕೆಯ ಪ್ರಶ್ನೆಗೆ ಉತ್ತರ ಈ ಚರಿತ್ರೆಯಲ್ಲಿಯೇ ಇದೆ. ಸ್ಪ್ರಿಂಗು ತೋಳಿಗೂ ಚಾಸಿಸ್ಸಿಗೂ ನಡುವೆ ಒಂಟಿಯಾಗಿ ಕೂತಿದ್ದರೆ ಒಳಗಿನಿಂದ ಹಿಡಿಯುವ ಕಂಪ್ರೆಸರ್. ಶಾಕ್ ಅಬ್ಸಾರ್ಬರಿನ ಸುತ್ತ ಇದ್ದರೆ ಹೊರಗಿನಿಂದ ಹಿಡಿಯುವ ಕೊಕ್ಕೆ ಅಥವಾ ಬೆಂಚಿನ ಯಂತ್ರ. ಹಿಂದಿನ ಆಕ್ಸಲ್ಲಿನ ಮೇಲೆ ಸ್ಪ್ರಿಂಗು ಬೇರೆ, ಶಾಕ್ ಅಬ್ಸಾರ್ಬರ್ ಬೇರೆ ಇರುವ ಎಷ್ಟೋ ಕಾರುಗಳಲ್ಲಿ ಯಾವ ಕಂಪ್ರೆಸರೂ ಬೇಡ: ಶಾಕ್ ಅಬ್ಸಾರ್ಬರಿನ ಕೆಳಬೋಲ್ಟು ಬಿಚ್ಚಿ ಆಕ್ಸಲ್ಲನ್ನು ಜಾಕ್ ಮೇಲೆ ಮೆಲ್ಲಗೆ ಇಳಿಸಿದರೆ ಸ್ಪ್ರಿಂಗು ಸಡಿಲವಾಗಿ ಕೈಗೆ ಬರುತ್ತದೆ. ಕೊಕ್ಕೆಯದನ್ನು ಕೊಳ್ಳುವುದಾದರೆ ಅದು ಹೊರಬಲ್ಲ ಭಾರ, ಹಿಡಿಯಬಲ್ಲ ತಂತಿಯ ದಪ್ಪ, ಸ್ಪ್ರಿಂಗಿನ ವ್ಯಾಸ ಇವು ಕಾರಿಗೆ ಹೊಂದಬೇಕು. ತಗಡನ್ನು ಬಾಗಿಸಿ ಮಾಡಿದ ಕೊಕ್ಕೆಗಿಂತ ಕಾಯಿಸಿ ಬಡಿದು ಮಾಡಿದ ಕೊಕ್ಕೆ ಮೇಲು. ಸುರುಳಿಯ ಸುತ್ತನ್ನು ಒಂದೇ ಕಡೆ ಹಿಡಿಯುವ ಕೊಕ್ಕೆಗಿಂತ ಎರಡು ಕಡೆ ಹಿಡಿಯುವ, ಜಾರದಂತೆ ಪಿನ್ನು ಹಾಕುವ ಅನುಕೂಲವಿರುವ ಕೊಕ್ಕೆ ಮೇಲು. ತಿರುಪಿನ ಹಲ್ಲು ಸವೆದಿದ್ದರೆ, ಕೊಕ್ಕೆ ಎಳ್ಳಷ್ಟಾದರೂ ಬಾಗಿದ್ದರೆ ಅದನ್ನು ಎಸೆಯಬೇಕು. ನೆಟ್ಟಗೆ ಮಾಡಿ ಮತ್ತೆ ಬಳಸುವ ವಸ್ತುವಲ್ಲ ಅದು.

ಬಳಸುವ ಕ್ರಮದಲ್ಲಿ ಮೊದಲನೆಯದು ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸುವುದು, ಜಾಕ್ ಎತ್ತುವುದಕ್ಕಷ್ಟೇ. ಸ್ಟ್ರಟ್ಟಿಗೆ ಬಿಗಿದ ಬ್ರೇಕ್ ಹೋಸನ್ನೂ ಎಬಿಎಸ್ ವೈರನ್ನೂ ಬಿಡಿಸಬೇಕು. ಸ್ಟ್ರಟ್ಟನ್ನು ಚಕ್ರದ ನಕಲ್ಲಿಗೆ ಸೇರಿಸುವ ಬೋಲ್ಟುಗಳ ಜಾಗವನ್ನು ಬಿಚ್ಚುವ ಮುನ್ನವೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಹಲವು ಕಾರುಗಳಲ್ಲಿ ಚಕ್ರದ ವಾಲುವಿಕೆ ಅಲ್ಲಿಯೇ ನಿರ್ಧಾರವಾಗುತ್ತದೆ. ಬಾನೆಟ್ ಕೆಳಗೆ ಮೌಂಟನ್ನು ಮೈಗೆ ಬಿಗಿದ ಎರಡು ಮೂರು ನಟ್ಟುಗಳನ್ನು ಮಾತ್ರ ಬಿಚ್ಚಬೇಕು. ನಡುವಿನ ನಟ್ಟನ್ನು ಈ ಹಂತದಲ್ಲಿ ಬಿಚ್ಚುವ ಕೆಲಸವೇ ಇಲ್ಲ.

ಹೊರತೆಗೆದ ಸ್ಟ್ರಟ್ಟಿಗೆ ಎರಡು ಕೊಕ್ಕೆ ಕಂಪ್ರೆಸರುಗಳನ್ನು ಒಂದಕ್ಕೊಂದು ನೇರ ಎದುರಾಗಿ, ಸಾಧ್ಯವಾದಷ್ಟು ಹೆಚ್ಚು ಸುತ್ತುಗಳು ನಡುವೆ ಬರುವಂತೆ ಹಾಕಬೇಕು. ಆಮೇಲೆ ಒಂದನ್ನು ಕೆಲವೇ ಸುತ್ತು, ಇನ್ನೊಂದನ್ನು ಅಷ್ಟೇ ಸುತ್ತು ತಿರುಗಿಸಬೇಕು. ಒಂದು ಕಡೆ ಹೆಚ್ಚಾದರೆ ಸ್ಪ್ರಿಂಗು ಮಗ್ಗುಲಿಗೆ ಬಾಗುತ್ತದೆ, ಬಾಗಿದ ಸ್ಪ್ರಿಂಗಿನಿಂದ ಕೊಕ್ಕೆ ಜಾರುತ್ತದೆ. ತಿರುಪಿಗೆ ಗ್ರೀಸು ಬೇಕು. ಗಾಳಿಯ ಗನ್ನಿನಿಂದ ತಿರುಗಿಸುವ ಅವಸರ ಎಷ್ಟೋ ಕಂಪ್ರೆಸರುಗಳನ್ನು ಹಾಳುಮಾಡಿದೆ: ತಿರುಪು ಬಿಸಿಯಾಗಿ ಹಲ್ಲು ಕಿತ್ತುಬರುತ್ತದೆ, ಜೊತೆಗೆ ಬಿಗಿ ಎಷ್ಟಾಗಿದೆಯೆಂದು ಕೈಗೆ ತಿಳಿಯುವುದು ನಿಲ್ಲುತ್ತದೆ. ಕೈಯಿಂದ ತಿರುಗಿಸುವವನಿಗೆ ಆ ತಿಳಿವಳಿಕೆಯೇ ಕಾವಲು. ಸ್ಪ್ರಿಂಗು ತಟ್ಟೆಯಿಂದ ಬಿಟ್ಟು ಕೈಯಲ್ಲಿ ಅಲ್ಲಾಡುವಷ್ಟಾದ ಕೂಡಲೆ ನಿಲ್ಲಿಸಬೇಕು. ಸ್ಪ್ರಿಂಗಿನ ಎರಡು ತುದಿಗಳ ನೇರಕ್ಕೆ ಮುಖವನ್ನೂ ಮೈಯನ್ನೂ ತರಬಾರದು, ಇನ್ನೊಬ್ಬರು ನಿಂತಿರುವ ಕಡೆಗೆ ಅದನ್ನು ತಿರುಗಿಸಲೂ ಬಾರದು.

ಈಗ ಪಿಸ್ಟನ್ ರಾಡ್ ತಿರುಗದಂತೆ ಹಿಡಿದು ನಡುವಿನ ನಟ್ಟನ್ನು ಬಿಚ್ಚಬಹುದು. ಮೌಂಟು, ಬೇರಿಂಗು, ಬಂಪ್ ಸ್ಟಾಪು, ಧೂಳಿನ ಕವಚ ಬರುವ ಅನುಕ್ರಮವನ್ನು ಗಮನಿಸಿ ಇಟ್ಟುಕೊಂಡರೆ ಮರಳಿ ಕೂರಿಸುವಾಗ ಗೊಂದಲವಾಗದು. ಮೇಲಿನ ಬೇರಿಂಗು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಸ್ಪ್ರಿಂಗಿನೊಡನೆ ತಿರುಗುವುದರಿಂದ ಹಳೆಯದನ್ನು ಉಳಿಸಿಕೊಳ್ಳುವುದರಲ್ಲಿ ಲಾಭವಿಲ್ಲ. ಅದುಮಿದ ಸ್ಪ್ರಿಂಗನ್ನು ನೆಲದ ಮೇಲೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಮರಳಿ ಜೋಡಿಸುವಾಗ ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಬೇಕು, ಹೊಸ ಲಾಕ್ ನಟ್ಟನ್ನು ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಆ ನಂತರವೇ ಕೊಕ್ಕೆಗಳನ್ನು ಹಾಕಿದಷ್ಟೇ ತಾಳ್ಮೆಯಿಂದ, ಸರದಿಯಲ್ಲಿ ಸಡಿಲಿಸಬೇಕು. ಎಡಬಲದ ಸ್ಪ್ರಿಂಗುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಜೋಡಿಯಾಗಿಯೇ ಬದಲಿಸುವುದು ವಾಡಿಕೆ. ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್.

ಕೊಕ್ಕೆ ಸ್ಪ್ರಿಂಗಿನ ಮೈ ಗೀರುವುದೂ ಚಿಕ್ಕ ವಿಷಯವಲ್ಲ. ಬಾರಿಬಾರಿಗೆ ತಿರುಚುವ ಉಕ್ಕಿನಲ್ಲಿ ಬಿರುಕು ಹುಟ್ಟುವುದು ಮೇಲ್ಮೈಯಿಂದಲೇ. ಜನರಲ್ ಮೋಟಾರ್ಸ್‌ನ ಜಾನ್ ಆಲ್ಮೆನ್ ಸ್ಪ್ರಿಂಗುಗಳ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಸಿಡಿಸಿ ಮೇಲ್ಮೈಯನ್ನು ಗಟ್ಟಿಗೊಳಿಸುವ ಶಾಟ್ ಪೀನಿಂಗ್ ಕ್ರಮವನ್ನು ಅಳತೆಗೆ ಒಳಪಡಿಸಿದ್ದು ಈ ಬಿರುಕನ್ನು ತಡೆಯಲಿಕ್ಕೆಂದೇ. ಅದರ ಮೇಲೆ ತುಕ್ಕು ಹಿಡಿಯದಂತೆ ಬಣ್ಣದ ಲೇಪ ಇರುತ್ತದೆ. ಕೊಕ್ಕೆಯ ಅಂಚು ಆ ಲೇಪವನ್ನು ಕಿತ್ತರೆ ಅಲ್ಲಿ ನೀರು ನಿಂತು, ತುಕ್ಕು ತಿಂದು, ತಿಂಗಳುಗಳ ನಂತರ ಸ್ಪ್ರಿಂಗು ಅಲ್ಲಿಯೇ ಮುರಿಯಬಹುದು. ಒಳ್ಳೆಯ ಕಂಪ್ರೆಸರುಗಳ ಕೊಕ್ಕೆಗೆ ಪ್ಲಾಸ್ಟಿಕ್ ಒಳಪದರ ಇರುವುದು ಇದಕ್ಕೇ.

ಸ್ಪ್ರಿಂಗಿನ ಆಕಾರವೂ ಈ ನಡುವೆ ಬದಲಾಗಿದೆ. ಸ್ಟ್ರಟ್ಟಿನ ಮೇಲೆ ಭಾರ ಓರೆಯಾಗಿ ಬೀಳುವುದರಿಂದ ಪಿಸ್ಟನ್ ರಾಡು ಒಂದು ಮಗ್ಗುಲಿಗೆ ಒತ್ತಿ ಉಜ್ಜುತ್ತದೆ. ಅದನ್ನು ಸರಿದೂಗಿಸಲು ಎಂಜಿನಿಯರುಗಳು ಬಾಳೆಹಣ್ಣಿನಂತೆ ಬಾಗಿದ ಸ್ಪ್ರಿಂಗುಗಳನ್ನು ಮಾಡಿದರು. ನಡು ದಪ್ಪವಾಗಿ ತುದಿ ಕಿರಿದಾಗುವ ಸ್ಪ್ರಿಂಗುಗಳೂ ಬಂದವು. ಇವನ್ನು ಎದುರುಬದುರಿನ ಎರಡು ಕೊಕ್ಕೆಗಳಿಂದ ಸಮನಾಗಿ ಅದುಮುವುದು ಕಷ್ಟ; ಸುತ್ತಿನ ಇಳಿಜಾರಿನಲ್ಲಿ ಕೊಕ್ಕೆ ಜಾರುತ್ತದೆ. ಕೆಳಗಿನ ಸುತ್ತಿನಲ್ಲಿ ಮುರಿದ ಸ್ಪ್ರಿಂಗಿಗೂ ಇದೇ ತೊಂದರೆ. ಇಂಥವಕ್ಕೆ ಅಗಲ ಕವಲಿನ ಬೆಂಚ್ ಯಂತ್ರವೇ ಸರಿ.

ಈ ಶತಮಾನದ ಆರಂಭದಿಂದ ಅಮೆರಿಕದ ಮಾರುಕಟ್ಟೆಯಲ್ಲಿ ಮನ್ರೋ ಮುಂತಾದ ಕಂಪನಿಗಳು ಸ್ಪ್ರಿಂಗು, ಮೌಂಟು, ಬೇರಿಂಗು, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಕಾರ್ಖಾನೆಯಲ್ಲಿಯೇ ಜೋಡಿಸಿದ ಇಡೀ ಸ್ಟ್ರಟ್ಟನ್ನು ಮಾರತೊಡಗಿದವು. ಹಳೆಯದನ್ನು ಬಿಚ್ಚದೆಯೇ ತೆಗೆದಿಟ್ಟು ಹೊಸದನ್ನು ಬಿಗಿದರೆ ಕೆಲಸ ಮುಗಿಯುತ್ತದೆ; ಸ್ಪ್ರಿಂಗನ್ನು ಅದುಮುವ ಅಪಾಯ ಗ್ಯಾರೇಜಿನಿಂದ ಕಾರ್ಖಾನೆಯ ಯಂತ್ರಗಳಿಗೆ ಹೋಗುತ್ತದೆ. ಬೆಲೆ ಹೆಚ್ಚು, ಎಲ್ಲ ಕಾರುಗಳಿಗೂ ಸಿಗುವುದಿಲ್ಲ. ಗಟ್ಟಿಮುಟ್ಟಾದ ಸ್ಪ್ರಿಂಗನ್ನು ಶಾಕ್ ಅಬ್ಸಾರ್ಬರಿನ ಸಲುವಾಗಿ ಎಸೆಯಲು ಮನಸ್ಸಾಗದವರೂ ಬಹಳ. ಬಿಡಿ ಶಾಕ್ ಅಬ್ಸಾರ್ಬರ್ ಮಾತ್ರ ಬದಲಿಸುವ ಕಡೆಗಳಲ್ಲೆಲ್ಲ ಸ್ಪ್ರಿಂಗ್ ಕಂಪ್ರೆಸರ್ ಇನ್ನೂ ಬೇಕು, ಹಳೆಯ ಕಾರುಗಳನ್ನು ಉಳಿಸಿಕೊಂಡವರಿಗಂತೂ ಬೇಕೇ ಬೇಕು.